ಚೀಲದ ತೂಕ, ಬೆನ್ನಿನ ಲೆಕ್ಕ

ಅಮ್ಮಸಂದ್ರವೆಂದರೆ ಹೊರಗಿನವರಿಗೆ ಸಿಮೆಂಟ್ ಕಾರ್ಖಾನೆಯ ಊರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರಿಗೆ ತೆಂಗಿನ ಸೀಮೆಯ ಒಂದು ರೈಲು ನಿಲ್ದಾಣ. ಸಿಮೆಂಟಾಗಲಿ ಕೊಬ್ಬರಿಯಾಗಲಿ, ಚೀಲಕ್ಕೆ ತುಂಬಿದ ಮೇಲೆ ಗೋದಾಮಿನಿಂದ ಗೋದಾಮಿಗೆ ಸಾಗುವುದು ಬಹುಮಟ್ಟಿಗೆ ಮನುಷ್ಯರ ಬೆನ್ನಿನ ಮೇಲೆಯೇ. ಸೇವೆಯಲ್ಲಿದ್ದಾಗ ಹಮಾಲಿ ದರ ಪರಿಷ್ಕರಣೆಯ ಕಡತಗಳನ್ನು ನಾನೂ ನೋಡಿದ್ದೇನೆ. ಅವುಗಳಲ್ಲಿ ಚೀಲಗಳ ಸಂಖ್ಯೆಯಿತ್ತು, ದರವಿತ್ತು, ಬೆನ್ನಿನ ಪ್ರಸ್ತಾಪವಿರಲಿಲ್ಲ. ಇರಬೇಕಿತ್ತೆಂದು ನನಗೂ ಅಂದು ಹೊಳೆಯಲಿಲ್ಲ.

ಬೆನ್ನಿನ ಹೊರೆಯನ್ನು ಅಳೆಯುವ ವಿದ್ಯೆ ಆಗಲೇ ಇತ್ತು. 1960ರ ದಶಕದಲ್ಲಿ ಸ್ವೀಡನ್ನಿನ ವೈದ್ಯ ಆಲ್ಫ್ ನಾಚೆಮ್ಸನ್ ಸೊಂಟದ ಡಿಸ್ಕಿನೊಳಗೆ ಸೂಜಿಯಿಳಿಸಿ ಒತ್ತಡವನ್ನು ಅಳೆದರು. ಸ್ನಾಯುಗಳ ಬಲವನ್ನು ಹಾಗೆ ನೇರವಾಗಿ ಅಳೆಯುವುದು ಕಷ್ಟ. 1969ರಲ್ಲಿ ಅಮೆರಿಕದ ಡಾನ್ ಚಾಫಿನ್, ದೇಹವನ್ನು ಸನ್ನೆಗೋಲುಗಳ ಸರಪಳಿಯೆಂದು ಭಾವಿಸಿ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಯೊಂದನ್ನು ಪ್ರಕಟಿಸಿದರು. ತೊಡಕೆಂದರೆ, ಬೆನ್ನಿನ ಸ್ನಾಯುಗಳು ಹಲವು, ಸಮೀಕರಣಗಳು ಕೆಲವೇ. ಆದ್ದರಿಂದ ಈಗಿನ ಅನೇಕ ಮಾದರಿಗಳು, ದೇಹವು ಕನಿಷ್ಠ ಶ್ರಮವಾಗುವಂತೆ ಕೆಲಸವನ್ನು ಹಂಚಿಕೊಳ್ಳುತ್ತದೆಂದು ಊಹಿಸಿ ಉತ್ತರ ಕಂಡುಕೊಳ್ಳುತ್ತವೆ. ಅರ್ಥಶಾಸ್ತ್ರ ಓದಿದವರಿಗೆ ಇದು ಪರಿಚಿತ ದಾರಿ.

ಸ್ಥೂಲ ಲೆಕ್ಕವನ್ನು ಕಾಗದದ ಮೇಲೂ ಮಾಡಬಹುದು. 50 ಕಿಲೋ ಚೀಲವನ್ನು ನೆಲದಿಂದ ಎತ್ತುವಾಗ ಅದು ಬೆನ್ನುಮೂಳೆಯಿಂದ 40 ಸೆಂಟಿಮೀಟರ್ ಮುಂದಿದೆ ಎನ್ನೋಣ. ಹಿಂದಿನಿಂದ ಎಳೆದು ಹಿಡಿಯುವ ಸ್ನಾಯುಗಳಿಗೆ ಸಿಗುವ ಅಂತರ ಸುಮಾರು 5 ಸೆಂಟಿಮೀಟರ್ ಮಾತ್ರ. ಅಂದರೆ ಚೀಲವನ್ನು ತಡೆಯಲೆಂದೇ ಅವು ಎಂಟು ಪಟ್ಟು, 400 ಕಿಲೋ ಭಾರದಷ್ಟು ಬಲ ಹಾಕಬೇಕು. ಬಾಗಿದ ಮೈಯ ಭಾರ ಬೇರೆ. ಅಷ್ಟೂ ಸೊಂಟದ ಡಿಸ್ಕನ್ನು ಅದುಮುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1981ರಲ್ಲಿ ಗುರುತಿಸಿದ ಎಚ್ಚರಿಕೆಯ ಮಿತಿ 3,400 ನ್ಯೂಟನ್, ಅಂದರೆ ಸುಮಾರು 350 ಕಿಲೋ. ಅನುಕೂಲಕರ ಸ್ಥಿತಿಯಲ್ಲಿಯೂ ಎತ್ತುವ ಭಾರ 23 ಕಿಲೋ ಮೀರಬಾರದೆಂದು ಅದೇ ಸಂಸ್ಥೆ 1991ರಲ್ಲಿ ಸೂಚಿಸಿತು.

ಮಾದರಿಯು ಮಾದರಿಯೇ; ಪ್ರತಿ ದೇಹವೂ ಬೇರೆ. ಇಬ್ಬರು ಕೈಗೂಡಿಸಿ ಚೀಲವನ್ನು ಹೆಗಲಿಗೇರಿಸಿದರೆ ಹೊರೆ ಬಹಳ ತಗ್ಗುತ್ತದೆಂಬುದನ್ನು ಹಮಾಲಿಗಳು ಯಾವ ಕಂಪ್ಯೂಟರೂ ಇಲ್ಲದೆ ಬಲ್ಲರು. ಆದರೆ ಅವಸರದ ದಿನ ಎರಡನೆಯ ಜೋಡಿ ಕೈ ಸಿಗುವುದಿಲ್ಲ.

ಚೀಲದ ತೂಕ ನಿಸರ್ಗದ ನಿಯಮವಲ್ಲ. ಅದು ಆಡಳಿತ ಮತ್ತು ವ್ಯಾಪಾರದ ತೀರ್ಮಾನ. ಬ್ರಿಟನ್ನಿನಲ್ಲಿ ಸಿಮೆಂಟ್ 25 ಕಿಲೋ ಚೀಲದಲ್ಲಿ ಮಾರಾಟವಾಗುತ್ತದೆ. ನಮ್ಮಲ್ಲಿ 50 ಕಿಲೋ ರೂಢಿ. ಚೀಲ ಚಿಕ್ಕದಾದರೆ ಖರ್ಚು ಏರುತ್ತದೆಂಬ ಆಕ್ಷೇಪ ಸುಳ್ಳಲ್ಲ. ಆದರೆ ಆ ಖರ್ಚು ಈಗಲೂ ಇದೆ. ವ್ಯಾಪಾರಿಯ ಖಾತೆಯ ಬದಲು ಹಮಾಲಿಯ ಮನೆಯ ಔಷಧದ ಚೀಟಿಯಲ್ಲಿದೆ. ಉಂಡೆ ಕೊಬ್ಬರಿಗೆ 2025ರ ಹಂಗಾಮಿನಲ್ಲಿ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ನಿಗದಿಯಾಯಿತು. ಅದರ ಉತ್ಪಾದನಾ ವೆಚ್ಚದಲ್ಲಿ ಕೂಲಿ ಸೇರಿದೆ, ಮನೆಮಂದಿಯ ದುಡಿಮೆಯೂ ಸೇರಿದೆ. ಸವೆದ ಬೆನ್ನು ಸೇರಿಲ್ಲ.

ಸರ್ಕಾರ ಎರಡು ಕೆಲಸ ಮಾಡಲಿ. ಕೈಯಿಂದ ಎತ್ತುವ ಚೀಲಕ್ಕೆ 25 ಕಿಲೋ ಮಿತಿಯನ್ನು ಹಂತಹಂತವಾಗಿ ತರಲಿ. ಅದಕ್ಕೂ ಮೊದಲು ಹಮಾಲಿ ದರವನ್ನು ಚೀಲಕ್ಕಲ್ಲ, ಕ್ವಿಂಟಲಿಗೆ ನಿಗದಿ ಮಾಡಲಿ. ಇಲ್ಲವಾದರೆ ಬೆನ್ನು ಉಳಿಸಲು ಹೊರಟ ಸುಧಾರಣೆ ಕೂಲಿಯ ಜಗಳವಾಗಿ ಮುಗಿದೀತು. ನಾನು ನೋಡಿದ ಕಡತಗಳಲ್ಲಿ ಇಲ್ಲದ ಆ ಒಂದು ಕಾಲಂ, ಮುಂದಿನ ಪರಿಷ್ಕರಣೆಯಲ್ಲಾದರೂ ಇರಲಿ.