ಓದಿ, ಆಮೇಲೆ ಸಹಿ ಹಾಕಿ

ಕ್ಯಾಲಿಫೋರ್ನಿಯಾದಲ್ಲಿ ಗೆದ್ದವರು ಬೇಡ ಎನಿಸಿದರೆ ಅವಧಿ ಮುಗಿಯೋ ತನಕ ಕಾಯಬೇಕಿಲ್ಲ. ಸಾಕಷ್ಟು ಮತದಾರರು ಅರ್ಜಿಗೆ ಸಹಿ ಹಾಕಿದರೆ, ಅವರನ್ನು ಇಳಿಸಬೇಕೇ ಬೇಡವೇ ಅಂತ ಮತದಾನ ನಡೆಯುತ್ತೆ. 2003ರಲ್ಲಿ ಗವರ್ನರ್ ಗ್ರೇ ಡೇವಿಸ್ ಕುರ್ಚಿ ಹೋದದ್ದು ಹೀಗೇ.

ಸಹಿ ಸಂಗ್ರಹಿಸುವವರಲ್ಲಿ ಅನೇಕರಿಗೆ ಸಹಿಗಿಷ್ಟು ಅಂತ ದುಡ್ಡು. ದುಡ್ಡಿನಾಸೆ ಇದ್ದಲ್ಲಿ ಸುಳ್ಳೂ ನುಸುಳುತ್ತೆ ತಾನೇ? 2017ರಲ್ಲಿ ರಾಜ್ಯ ಸೆನೆಟರ್ ಜಾಶ್ ನ್ಯೂಮನ್ ವಿರುದ್ಧದ ಅರ್ಜಿಗೆ, 'ಇದು ಪೆಟ್ರೋಲ್ ತೆರಿಗೆ ರದ್ದು ಮಾಡೋದಕ್ಕೆ' ಅಂತ ಹೇಳಿ ಸಹಿ ಹಾಕಿಸಿಕೊಂಡರೆಂಬ ದೂರು ಎದ್ದಿತು. ಹಾಕಿದ ಸಹಿ ವಾಪಸ್ ಪಡೆಯಲು 30 ಕೆಲಸದ ದಿನ ಕೊಡುವ ಕಾನೂನು ಅದೇ ವರ್ಷ ಬಂತು. ಆದರೂ 2018ರ ಜೂನ್‌ನಲ್ಲಿ ಮತದಾರರು ಅವರನ್ನು ಇಳಿಸಿದರು.

ಅರ್ಜಿಯ ಬಗ್ಗೆ ಬೇಕಂತಲೇ ಸುಳ್ಳು ಹೇಳೋದು, ಓದಲು ಬಿಡದಿರೋದು, ಸಹಿ ಹಾಕುವವರಿಗೆ ದುಡ್ಡು ಕೊಡೋದು, ಬೇರೆಯವರ ಹೆಸರು ಗೀಚೋದು, ಎಲ್ಲವೂ ಅಲ್ಲಿ ಅಪರಾಧ. ಆದರೆ ಅಂಗಡಿ ಬಾಗಿಲಲ್ಲಿ ಆಡಿದ ಮಾತಿಗೆ ಸಾಕ್ಷಿ ಎಲ್ಲಿಂದ ತರೋದು?

ಅಲ್ಲಿನ ಪೌರತ್ವ ಪಡೆದ ನಮ್ಮ ಕನ್ನಡದ ಮಕ್ಕಳೇ, ಅರ್ಜಿ ಓದೋದು ನಿಮ್ಮ ಹಕ್ಕು. ಮುಲಾಜಿಗೆ ಬೀಳಬೇಡಿ. ಓದಿ, ಆಮೇಲೆ ಪೆನ್ನು ಹಿಡೀರಿ.