ಅತಿಥಿಗಳು ಹೋದ ಮೇಲೆ ಶಿಬಿರವೇ?

ಏಪ್ರಿಲ್ ಬಂತೆಂದರೆ ಪೇಟೆಯ ಗೋಡೆಗಳ ಮೇಲೆ ಬೇಸಿಗೆ ಶಿಬಿರದ ಪೋಸ್ಟರುಗಳು ಏಳುತ್ತವೆ. ಚಿತ್ರ, ಹಾಡು, ಈಜು, ಕರಾಟೆ. ಈಗೀಗ ನಿಸರ್ಗ ಶಿಬಿರದ ಮಾತೂ ಕೇಳಿಬರುತ್ತಿದೆ. ಕೈಯಲ್ಲಿ ನಾಲ್ಕು ಕಾಸಿದ್ದವರ ಮಕ್ಕಳು ದಾಂಡೇಲಿಗೋ, ಖಾನಾಪುರದ ಭೀಮಗಡದ ಕಡೆಗೋ ಹೋಗಿ ಎರಡು ರಾತ್ರಿ ತಂಗಿ ಬರುತ್ತಾರೆ. ಒಳ್ಳೆಯದೇ. ಆದರೆ ಗೋಕಾಕ ಬಸ್ ನಿಲ್ದಾಣದಲ್ಲಿ ನಿಂತ ಹತ್ತು ಹುಡುಗರನ್ನು ಕೇಳಿ ನೋಡಿ. ಫಾಲ್ಸ್ ಗೊತ್ತು, ಕರದಂಟು ಗೊತ್ತು. ಧೂಪದಾಳದ ಪಕ್ಷಿಧಾಮ ಎಂದರೆ "ಅದೆಲ್ಲೈತ್ರಿ?" ಎಂಬ ಮರುಪ್ರಶ್ನೆ ಬಂದರೆ ಆಶ್ಚರ್ಯವಿಲ್ಲ.

ಘಟಪ್ರಭಾ ಪಕ್ಷಿಧಾಮ ಘೋಷಣೆಯಾದದ್ದು 1974ರಲ್ಲಿ. ಐವತ್ತು ವರ್ಷ ದಾಟಿತು. ವಿಸ್ತೀರ್ಣ ಸುಮಾರು 29.78 ಚದರ ಕಿಲೋಮೀಟರ್. ಧೂಪದಾಳದ ಒಡ್ಡಿನ ಹಿಂದೆ ನಿಂತ ನೀರು, ನದಿಯ ದಂಡೆ, ನಡುಗಡ್ಡೆಗಳು — ಇದೇ ಅದರ ಆಸ್ತಿ. ನವೆಂಬರದಿಂದ ಮಾರ್ಚ್‌ವರೆಗೆ ಇಲ್ಲಿಗೆ ಪರದೇಶದ ಅತಿಥಿಗಳು ಬರುತ್ತಾರೆ. ಮಧ್ಯ ಏಷ್ಯಾ, ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ಮರಿ ಮಾಡಿ ಹಿಮಾಲಯ ದಾಟಿ ಬರುವ ಡೆಮಾಯ್ಸೆಲ್ ಕ್ರೌಂಚ ಪಕ್ಷಿ, ಯುರೋಪಿನ ಬಿಳಿ ಕೊಕ್ಕರೆ. ಪಾಸ್‌ಪೋರ್ಟ್ ಇಲ್ಲ, ವೀಸಾ ಇಲ್ಲ.

ಎಡವಟ್ಟು ಇರುವುದೂ ಇಲ್ಲೇ. ಅತಿಥಿಗಳು ಬಂದಾಗ ಮಕ್ಕಳು ತರಗತಿಯಲ್ಲಿ. ಮಕ್ಕಳಿಗೆ ಬಿಡುವಾದಾಗ ಅತಿಥಿಗಳು ಊರು ಬಿಟ್ಟಿರುತ್ತಾರೆ. ಮೇ ತಿಂಗಳ ಬಿಸಿಲಲ್ಲಿ ಧೂಪದಾಳಕ್ಕೆ ಹೋಗಿ ಕ್ರೌಂಚ ಹುಡುಕುವುದೆಂದರೆ ಜಾತ್ರೆ ಮುಗಿದ ಮೇಲೆ ಬೆಂಡು ಬತ್ತಾಸು ಕೊಳ್ಳಲು ಹೋದಂತೆ.

"ಮಕ್ಕಳು ಹಕ್ಕಿ ನೋಡಿದರ ಏನ ಬಂತ್ರಿ? ನಾಲ್ಕ ಲೆಕ್ಕ ಮಾಡಲಿ" ಎನ್ನುವ ಪಾಲಕರೂ ಇದ್ದಾರು. ಅವರಿಗೆ ಒಂದು ಮಾತು. ಈ ಪಕ್ಷಿಧಾಮ ತಂತಿ ಬೇಲಿ ಹಾಕಿದ ದಟ್ಟ ಕಾಡಲ್ಲ. ಸುತ್ತ ಹಳ್ಳಿ, ಕಬ್ಬಿನ ಗದ್ದೆ, ಜೋಳ ಕಡಲೆಯ ಹೊಲ. ಕ್ರೌಂಚ ಮೇಯುವುದೇ ಹೊಲದಲ್ಲಿ. 1972ರ ವನ್ಯಜೀವಿ ಕಾಯ್ದೆ ಪುಸ್ತಕದಲ್ಲಿದೆ, ನಿಜ. ಆದರೆ ಪ್ರತಿ ಹೊಲದ ಬದುವಿಗೆ ಒಬ್ಬ ಗಾರ್ಡ್ ನಿಲ್ಲಿಸಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ನಾಳೆ ಆ ಹೊಲದ ಯಜಮಾನ ಆಗುವವನು ಇಂದಿನ ಏಳನೇ ಇಯತ್ತೆಯ ಹುಡುಗ. ಕವಣೆ ಬೀಸಬೇಕೋ, ಸುಮ್ಮನೆ ನಿಂತು ನೋಡಬೇಕೋ ಎಂದು ತೀರ್ಮಾನಿಸುವವನು ಅವನೇ.

ಇದು ಗೋಕಾಕಕ್ಕೆ ಮಾತ್ರ ಸೇರಿದ ವಿಷಯವೂ ಅಲ್ಲ. ಘಟಪ್ರಭೆಯನ್ನು ಹಿಡಿದಿಡುವುದು ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ. 51 ಟಿಎಂಸಿ ಸಾಮರ್ಥ್ಯದ್ದು. ಆ ನೀರು ಧೂಪದಾಳಕ್ಕೆ ಬಂದು, ಅಲ್ಲಿಂದ ಎಡದಂಡೆ ಕಾಲುವೆ ಹಿಡಿದು ಮೂಡಲಗಿ ಸೀಮೆಯ ಕಬ್ಬಿಗೆ ಹೋಗುತ್ತದೆ. ಮೂರು ತಾಲೂಕು, ಒಂದೇ ನೀರು. ಹಕ್ಕಿಗೆ ಬೇಕಾದದ್ದೂ ಅದೇ, ರೈತನಿಗೆ ಬೇಕಾದದ್ದೂ ಅದೇ. ಇದಕ್ಕಿಂತ ದೊಡ್ಡ ಪಾಠ ಯಾವ ಪುಸ್ತಕದಲ್ಲಿದೆ?

ಮಾಡಬೇಕಾದದ್ದು ಬಹಳವೇನಿಲ್ಲ. ಡಿಸೆಂಬರ್, ಜನವರಿಯಲ್ಲಿ ಒಂದು ಶನಿವಾರ ಬೆಳಗಿನ ಶಾಲೆ ಮುಗಿಯುತ್ತಲೇ ಮಕ್ಕಳನ್ನು ಹೊರಡಿಸಿ, ಸೋಮವಾರ ಬೆಳಿಗ್ಗೆ ಮರಳಿ ಶಾಲೆಗೆ ಮುಟ್ಟಿಸಿದರೆ ಎರಡು ರಾತ್ರಿಯ ಶಿಬಿರವಾಯಿತು. ಶನಿವಾರ ಹಿಡಕಲ್ ಡ್ಯಾಮ್. ಭಾನುವಾರ ನಸುಕಿನಲ್ಲಿ ಧೂಪದಾಳದ ದಂಡೆ, ಸಂಜೆ ಕಾಲುವೆಯ ಗುಂಟ ನಡಿಗೆ. ಮಲಗಲು ಶಾಲೆಯ ಕೋಣೆ ಸಾಕು. ಸರಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯಲು ಅರಣ್ಯ ಇಲಾಖೆ 'ಚಿಣ್ಣರ ವನದರ್ಶನ' ಎಂಬ ಕಾರ್ಯಕ್ರಮ ಮಾಡಿದೆ. ಅದನ್ನೇ ಇತ್ತ ತಿರುಗಿಸಬಹುದಲ್ಲ? ಹೆಣ್ಣುಮಕ್ಕಳ ಜೊತೆಗೆ ಶಿಕ್ಷಕಿಯರು ಇರಲೇಬೇಕು. ನೀರಿನ ಹತ್ತಿರ ಈಜು ಬಲ್ಲ ಕಾವಲುಗಾರ ಇರಲೇಬೇಕು. ಇದರಲ್ಲಿ ರಾಜಿ ಬೇಡ.

ಖರ್ಚು? ಮೂರೂ ಪೇಟೆಯ ವರ್ತಕರು ಗಣಪತಿಗೆ ಪಟ್ಟಿ ಕೊಡುವವರು, ಜಾತ್ರೆಗೆ ಅಕ್ಕಿ ಬೇಳೆ ಕೊಡುವವರು. ನಲವತ್ತು ಮಕ್ಕಳ ಎರಡು ದಿನದ ಊಟ ಅವರಿಗೆ ಭಾರವಲ್ಲ. ಜೊತೆಗೆ ಒಂದೊಂದು ತುಂಡು ಕರದಂಟು ಕೊಟ್ಟರೆ ಮಕ್ಕಳು ಬೇಡ ಎನ್ನಲಾರರು!

ಸಾವಿರಾರು ಮೈಲಿ ಹಾರಿ ಬಂದವರನ್ನು ನಮ್ಮ ಮಕ್ಕಳು ಒಮ್ಮೆಯಾದರೂ ಕಣ್ಣಾರೆ ಕಾಣಲಿ. ಶಿಕ್ಷಣ ಮತ್ತು ಅರಣ್ಯ ಇಲಾಖೆಯವರು ಒಂದೇ ಮೇಜಿಗೆ ಕೂತು ದಿನ ಗೊತ್ತುಮಾಡಲಿ. ಹಕ್ಕಿಗಳ ದಿನವಂತೂ ಗೊತ್ತಾಗಿಯೇ ಇದೆ.