ಪಟ್ಟಿಯಲ್ಲಿ ನೂರೊಂದು ರೂಪಾಯಿ

ಗಾಜಿಪುರದ ನಮ್ಮ ಓಣಿಯ ಗಣಪತಿ ಪಟ್ಟಿ, ಅಂದರೆ ಚಂದಾ, ಈಗ ವಾಟ್ಸಾಪ್‌ನಲ್ಲೇ ನಡೀತದೆ. ಫೋನ್‌ಪೇ ಮಾಡಿದ ತಕ್ಷಣ ಗ್ರೂಪ್‌ನಲ್ಲಿ ಹೆಸರು, ಮುಂದೆ ಮೊತ್ತ. ಹೋದ ವರ್ಷ ಒಬ್ಬರು 5,001 ಹಾಕಿದರು. ಚಪ್ಪಾಳೆ ಇಮೋಜಿಗಳ ಮಳೆ. ಪೆಂಡಾಲ್‌ನಲ್ಲಿ ಶಾಲೂ ಹೊದಿಸಿದೆವು. ನಾನು 501 ಕೊಟ್ಟೆ. ನನ್ನ ಕೆಳಗೇ, ಕಮಲಾಪುರದಿಂದ ಬಂದು ಇಲ್ಲಿ ಬಾಡಿಗೆಗಿರುವ ಕಾಕಾ ಒಬ್ಬರ ಹೆಸರು: 101.

"ಕಾಕಾ, ಇಷ್ಟಕ್ಕ ಮುಗಿಸಿದ್ರೇನು?" ಅಂತ ನಗುವ ಮುಖ ಸೇರಿಸಿ ಬರೆದವನು ನಾನೇ. ಇನ್ನೂ ನಾಲ್ಕು ಜನ ನಕ್ಕರು. ರಾತ್ರಿಯೊಳಗೆ ಕಾಕಾ ಗ್ರೂಪ್ ಬಿಟ್ಟಿದ್ದರು.

ಆಮೇಲೆ ಗೊತ್ತಾಯಿತು, ಕಿರಾಣಿ ಅಂಗಡಿಯಲ್ಲಿ ಅವರ ಪಗಾರ ತಿಂಗಳಿಗೆ 9,000. ನನ್ನದು 60,000. ಮೊಬೈಲ್‌ನಲ್ಲೇ ಲೆಕ್ಕ ಹಾಕಿದೆ: ಅವರಷ್ಟು ಪಾಲು ಕೊಡಬೇಕಂದ್ರೆ ನಾನು 670ರ ಮೇಲೆ ಹಾಕಬೇಕಿತ್ತು. ಶಾಲು ಹೊದ್ದವರ ಲೆಕ್ಕ ಗೊತ್ತಿಲ್ಲ, ಅವರಿಗೆ ಮೂರು ಅಂಗಡಿಗಳ ಬಾಡಿಗೆ ಬರುತ್ತದೆ ಅನ್ನುವುದಷ್ಟೇ ಗೊತ್ತು.

ಇದನ್ನೇ ಪ್ರಯೋಗ ಮಾಡಿ ನೋಡಿದವರಿದ್ದಾರೆ. ಆಲಿವರ್ ಹೌಸರ್, ಹಾರ್ವರ್ಡ್‌ನ ಮಾರ್ಟಿನ್ ನೊವಾಕ್, ಮೈಕಲ್ ನಾರ್ಟನ್ ಮತ್ತು ಸಂಗಡಿಗರು ಜನರಿಗೆ ಬೇರೆ ಬೇರೆ ಆದಾಯ ಕೊಟ್ಟು, ಎಲ್ಲರಿಗೂ ಸೇರಿದ ಒಂದು ಹುಂಡಿಗೆ ಬೇಕಾದಷ್ಟು ಹಾಕಿ ಅಂದರು. ಆಮೇಲೆ ಒಬ್ಬರು ಇನ್ನೊಬ್ಬರಿಗೆ ಬಹುಮಾನ ಕೊಡಬಹುದು, ದಂಡವನ್ನೂ ಹಾಕಬಹುದು. ಹಾಕಿದ ಮೊತ್ತ ಮಾತ್ರ ಕಂಡಾಗ ದಂಡ ಬಿದ್ದದ್ದು ಬಡವರಿಗೆ, ಬಹುಮಾನ ಹೋದದ್ದು ಶ್ರೀಮಂತರಿಗೆ. ಆದಾಯವೂ ಕಂಡಾಗ ಎಲ್ಲ ಉಲ್ಟಾ.

ಅಂದರೆ ಜನ ಕೆಟ್ಟವರೇನಲ್ಲ, ಅರ್ಧ ಲೆಕ್ಕ ನೋಡಿ ತೀರ್ಪು ಕೊಟ್ಟರು. ನಾನೂ ಹಾಗೇ ಅಂತ ಸಮಾಧಾನ ಮಾಡ್ಕೋಬಹುದಿತ್ತು. ಆದರೆ ಕಾಕಾನ ಒಂದೇ ಕೋಣೆಯ ಮನೆ ನನಗೆ ದಿನಾ ಕಾಣುತ್ತಿತ್ತಲ್ಲ! ಪಗಾರ ಗೊತ್ತಿರದಿದ್ದರೂ ಅಷ್ಟು ಸಾಕಿತ್ತು. ಶರಣಬಸವೇಶ್ವರರ ದಾಸೋಹದ ಊರಲ್ಲಿ ಬೆಳೆದವನು ನಾನು, ಅದು ಬೇರೆ.

ಈ ಸಲ ಗ್ರೂಪ್‌ನಲ್ಲಿ ಹೆಸರಷ್ಟೇ ಹಾಕೋಣ, ಮೊತ್ತ ಬೇಡ ಅಂದೆ. "ಹಂಗಾದ್ರ 5,001 ಯಾರ್ ಹಾಕ್ತಾರ್ರೀ ಅಣ್ಣಾ?" ಅಂದ ಕಮಿಟಿ ಹುಡುಗ. ಅವನದೂ ಸುಳ್ಳಲ್ಲ. ಪೆಂಡಾಲ್‌ನವನಿಗೆ ರೊಕ್ಕನೇ ಕೊಡಬೇಕು. ಇನ್ನೂ ಮಾತುಕತೆ ನಡೆದಿದೆ.

ಮೊನ್ನೆ ಕಾಕಾನ ಮನೆಗೆ ಹೋಗಿ ತಪ್ಪಾಯ್ತು ಅಂದೆ. "ಬಿಡ್ರಿ ತಮ್ಮಾ, ಅದೇನು ದೊಡ್ಡ ಮಾತು" ಅಂತ ಊರಿಂದ ತಂದಿದ್ದ ಕೆಂಪು ಬಾಳೆಹಣ್ಣು ಎರಡು ಕೈಗಿಟ್ಟರು. ಗ್ರೂಪಿಗೆ ಮತ್ತೆ ಸೇರಿಸಲಾ ಅಂತ ಕೇಳಿದೆ.

"ಬ್ಯಾಡ್ರಿ. ಈ ಸಲ ಕೈಯಾಗೇ ಕೊಡ್ತೀನಿ" ಅಂದರು.